ವಾಸನೆ ಹೋದ ಮೇಲೆ

2015ರ ಮಾರ್ಚ್ ಹದಿನೇಳು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ದೋಣಿಯ ಮೀನುಕೋಣೆಯ ಮುಚ್ಚಳ ತೆಗೆದರು. ಕಟ್ಟೆಯ ಮೇಲೆ ಕಾದು ಕೂತಿದ್ದ ಬೆಕ್ಕು ಕೂಡ ಎದ್ದು ಆಚೆ ಹೋಯಿತು. ನಡುನೀರಿನಲ್ಲಿ ಎಂಜಿನ್ ಕೈಕೊಟ್ಟು, ಇನ್ನೊಂದು ದೋಣಿ ಎಳೆದು ತರುವಷ್ಟರಲ್ಲಿ ಐಸೆಲ್ಲ ಕರಗಿತ್ತು. ಗೊಬ್ಬರಕ್ಕೆ ಹೋಗುವ ಸಣ್ಣ ಮೀನು ಕೋಣೆಯ ತಳದಲ್ಲಿ ಕೊಳೆತು ಗಂಜಿಯಾಗಿತ್ತು.

ಅದನ್ನು ಬುಟ್ಟಿಯಲ್ಲಿ ಮೇಲೆತ್ತುವ ವಿಂಚ್ ಓಡಿಸುವವನು ವಿಂಚಣ್ಣ. ನಿಜವಾದ ಹೆಸರು ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚಿಸಬೇಕಿತ್ತು. ಕೆಳಗಿಳಿದು ಬುಟ್ಟಿ ತುಂಬುವವನು ಅವನ ತಮ್ಮ ಗಡಿಬಿಡಿ. ಗಡಿಬಿಡಿಯ ಹೆಂಡತಿಯ ಅಣ್ಣ ಐಸ್ ಫ್ಯಾಕ್ಟರಿಯಲ್ಲಿದ್ದ. ಎಲ್ಲರೂ ಐಸಣ್ಣ ಅನ್ನುತ್ತಿದ್ದರು. ಅವತ್ತು ರಜೆಯೆಂದು ಕೈಜೋಡಿಸಲು ಬಂದಿದ್ದ.

"ಇಳೀಲಾ ಅಣ್ಣ?" ಗಡಿಬಿಡಿ ಆಗಲೇ ಲುಂಗಿ ಎತ್ತಿ ಕಟ್ಟಿದ್ದ.

"ವಾಸನೆ ಹೋಯ್ತಾ?"

"ಎಲ್ಲಿಂದ ಹೋಗುತ್ತೆ!"

"ಹಾಗಾದ್ರೆ ತೆಪ್ಪಗೆ ಕೂತ್ಕೋ. ಸತ್ತ ಮೀನು ಓಡಿಹೋಗಲ್ಲ."

"ಇವನಿಗೆ ಕೂರೋದು ಹೇಳ್ತೀಯಲ್ಲ," ಐಸಣ್ಣ ನಕ್ಕ. "ಮದುವೆ ದಿನ ನಮ್ಮ ತಂಗಿ ಬರೋದ್ರೊಳಗೆ ಊಟ ಮುಗಿಸಿ ಕೈ ತೊಳೆದೋನು."

ವಾಸನೆ ಹೋಗಲೆಂದು ಕಾಯುವುದು ಆ ಬಂದರಿನಲ್ಲಿ ಮೂರು ವರ್ಷದಿಂದ ಬಂದ ಪದ್ಧತಿ. ಆಗ ಪಕ್ಕದ ದೋಣಿಯಲ್ಲಿ ಇಂಥದೇ ಕೋಣೆಗೆ ಒಬ್ಬ ಇಳಿದು ಬಿದ್ದ. ಅವನನ್ನೆತ್ತಲು ಇನ್ನೊಬ್ಬ, ಆ ಇನ್ನೊಬ್ಬನಿಗಾಗಿ ಮತ್ತೊಬ್ಬ. ಮೂವರೂ ಹೆಣವಾಗಿ ಮೇಲೆ ಬಂದರು. ದುರ್ವಾಸನೆ ಇರುವಾಗಲೇ ಇಳಿದದ್ದು ತಪ್ಪು ಎಂದು ಬಂದರಿನವರು ತಾವೇ ಕೂತು ತೀರ್ಮಾನ ಮಾಡಿಕೊಂಡರು. ಅಂದಿನಿಂದ ಮುಚ್ಚಳ ತೆಗೆದು, ವಾಸನೆ ಪೂರ್ತಿ ಹೋಗುವವರೆಗೆ ಯಾರೂ ಇಳಿಯುತ್ತಿರಲಿಲ್ಲ. ವಿಂಚಣ್ಣನಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು.

ಗಡಿಬಿಡಿ ಮತ್ತೆ ಮತ್ತೆ ಬಾಗಿ ಮೂಸಿ ನೋಡಿದ. ಕೊನೆಗೆ, "ಈಗ ಏನೂ ಇಲ್ಲ ಅಣ್ಣ, ಬೇಕಾದ್ರೆ ನೀನೇ ನೋಡು," ಎಂದ.

ಅಷ್ಟು ಹೊತ್ತೂ ಅಲ್ಲೇ ಪಕ್ಕದಲ್ಲಿ ನಿಂತಿದ್ದ ವಿಂಚಣ್ಣ ಈಗ ಮುಖ ಒಳಗಿಟ್ಟು ಉಸಿರೆಳೆದುಕೊಂಡ. ತೊಳೆದಿಟ್ಟ ಪಾತ್ರೆಯ ಹಾಗೆ, ಏನೂ ಇಲ್ಲ. ಕಣ್ಣು ಸ್ವಲ್ಪ ಉರಿಯಿತು. ಡೀಸೆಲ್ ಹೊಗೆ ಇರಬೇಕು ಅಂದುಕೊಂಡ.

"ಇಳಿ," ಎಂದ.

ಮೊದಲ ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ "ಎತ್ತು!" ಎಂಬ ಕೂಗು ಬರಲಿಲ್ಲ. ಬಾಗಿ ನೋಡಿದರೆ ಗಡಿಬಿಡಿ ಏಣಿಗೆ ಒರಗಿ, ಬಸ್ಸಿನಲ್ಲಿ ತೂಕಡಿಸುವವನ ಹಾಗೆ ತಲೆ ವಾಲಿಸಿಕೊಂಡು ಕೂತಿದ್ದ.

ಐಸಣ್ಣ ಚಪ್ಪಲಿ ಒದರಿ ಏಣಿಗೆ ಕಾಲಿಟ್ಟ. ವಿಂಚಣ್ಣ ಹಿಂದಿನಿಂದ ಅವನ ಸೊಂಟ ತಬ್ಬಿ ಹಲಗೆಯ ಮೇಲೆ ಕೆಡವಿ, ಎದೆಯ ಮೇಲೆ ಕೂತ.

"ಬಿಡೋ! ನಿನ್ನ ತಮ್ಮ ಕಣೋ ಅವನು!"

"ಗೊತ್ತು."

"ಮನುಷ್ಯನಾ ನೀನು? ನನ್ನ ತಂಗಿಗೆ ಏನಂತ ಹೇಳ್ಲಿ?"

"ಒಬ್ಬ ಹೋಗಿದ್ದು ಸಾಕು," ಎಂದ ವಿಂಚಣ್ಣ. ಆಮೇಲೆ ಕಟ್ಟೆಯ ಕಡೆ ತಿರುಗಿ, ಅಗ್ನಿಶಾಮಕದವರನ್ನು ಕರೆಯಿರಿ ಎಂದು ಗಂಟಲು ಹರಿಯುವಂತೆ ಕೂಗಿದ.

ಪಕ್ಕದ ದೋಣಿಯ ಇಬ್ಬರು ಬಂದು ಐಸಣ್ಣನನ್ನು ಹಿಡಿದುಕೊಂಡರು. ವಿಂಚಣ್ಣ ಎದ್ದು ವಿಂಚಿನ ಕೊಕ್ಕೆಯನ್ನು ಕೆಳಗೆ ಬಿಟ್ಟ. ಎಷ್ಟೋ ಸಲ ತಪ್ಪಿದ ಮೇಲೆ ಅದು ತಮ್ಮನ ಕಾಲರಿಗೆ ಸಿಕ್ಕಿಕೊಂಡಿತು. ಮೆಲ್ಲಗೆ ಎಳೆದ. ಮೈ ಮೊಳದಷ್ಟು ಎದ್ದಿತು, ಅಂಗಿ ಹರಿಯಿತು. ಗಡಿಬಿಡಿ ಈ ಸಲ ಬೋರಲಾಗಿ ಬಿದ್ದ. ಕೊಕ್ಕೆಗೆ ಬಟ್ಟೆಯ ತುಂಡು ನೇತಾಡುತ್ತಿತ್ತು.

ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು ಅವನನ್ನು ಮೇಲೆ ತಂದು ಮಲಗಿಸಿದರು. ಒಬ್ಬ ಬಹಳ ಹೊತ್ತು ಎದೆ ಒತ್ತಿದ. ಆಮೇಲೆ ಎದ್ದು ಕೈ ಒರೆಸಿಕೊಂಡ.

"ಆಗ್ಲೇ ನಾನು ಇಳಿದಿದ್ರೆ ಇವನು ಬದುಕ್ತಿದ್ದನಾ ಸಾರ್?" ಐಸಣ್ಣ ಕೇಳಿದ. ವಿಂಚಣ್ಣನ ಕಡೆ ಅವನು ನೋಡಲಿಲ್ಲ.

ಎದೆ ಒತ್ತಿದವನು ಕೋಣೆಯ ಕಡೆ ತಿರುಗಿ, "ಗಬ್ಬು ವಾಸನೆ ಇರ್ಲಿಲ್ವಾ?" ಎಂದ.

"ಹೋಗಿತ್ತು," ವಿಂಚಣ್ಣ ಹೇಳಿದ. "ನಾನೇ ಮೂಸಿ ನೋಡಿ ಇಳಿ ಅಂದೆ."

"ವಾಸನೆ ಹೋಗಿರ್ಲಿಲ್ಲ ಯಜಮಾನ್ರೇ. ಮೂಗು ಹೋಗಿತ್ತು. ಕೊಳೆತ ಮೀನಿಂದ ಏಳೋ ಈ ವಿಷಗಾಳಿ ಜಾಸ್ತಿಯಾದ್ರೆ ಮೊದಲು ಸಾಯೋದು ಮೂಗೇ. ಹತ್ತು ಲಕ್ಷಕ್ಕೆ ನೂರು ಭಾಗ ದಾಟಿದ್ರೆ ವಾಸನೆ ತಿಳಿಯಲ್ಲ. ಐನೂರು ದಾಟಿದ್ರೆ ಮನುಷ್ಯ ಏಣಿ ಹತ್ತಿ ವಾಪಸ್ ಬರೋದು ಕಷ್ಟ."

ವಿಂಚಣ್ಣ ತಮ್ಮನ ತಲೆಯ ಹತ್ತಿರ ಕುಕ್ಕರಿಸಿ ಕೂತ. ಅಗ್ನಿಶಾಮಕದವನು ವಿಷಗಾಳಿ ಅಳೆಯುವ ಮೀಟರಿಗೆ ದಾರ ಕಟ್ಟಿ ಕೋಣೆಯ ತಳದವರೆಗೆ ಇಳಿಸಿ, ಮೇಲೆಳೆದು ಐಸಣ್ಣನ ಮುಂದೆ ಹಿಡಿದ. ಐಸಣ್ಣ ಅದನ್ನೇ ನೋಡುತ್ತ ನಿಂತ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಆ ವಿಷ ಏಳುನೂರ ಇಪ್ಪತ್ತು ಭಾಗ ಇತ್ತು.