ಮೂಕ ಉಪ್ಪು

ಸತ್ತವನ ಕೈಯಲ್ಲಿದ್ದ ಸೌಟು ಒದ್ದೆಯಾಗಿತ್ತು ಎಂದು ವರದಿಯಲ್ಲಿ ಬರೆದರು. ಸೌಟು ಒಣಗಿತ್ತು.

ಅದು ಯಾವಾಗಲೂ ಕುಲುಮೆಯ ಮೇಲಿನ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಬರಿಗೈಯಲ್ಲಿ ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು. ಅಲ್ಲಿಯ ಒಲೆ ನೋಡಿಕೊಳ್ಳುತ್ತ ಒಲೆಯಕ್ಕ ಎನಿಸಿಕೊಂಡವಳಿಗೆ ಇದು ಗೊತ್ತಿತ್ತು. ಸತ್ತವನು ಅವಳ ಬೆನ್ನಿಗೆ ಬಿದ್ದ ತಮ್ಮ.

ಪೆಟ್ಲುಪ್ಪಿನ, ಅಂದರೆ ಪೊಟ್ಯಾಸಿಯಂ ನೈಟ್ರೇಟಿನ, ಮೇಲೆ ಸಂಶೋಧನೆ ನಡೆಸುವ ಕಟ್ಟಡ ಅದು. ಬಿಸಿಲಿನ ಕಾವನ್ನು ಕರಗಿದ ಉಪ್ಪಿನಲ್ಲಿ ಹಿಡಿದಿಟ್ಟು, ಹೊತ್ತು ಮುಳುಗಿದ ಮೇಲೆ ಅದರಿಂದ ಕರೆಂಟು ತೆಗೆಯುವುದು ಹೇಗೆಂದು ಮೇಲಿನ ಮಹಡಿಯವರು ಪುಟಗಟ್ಟಲೆ ಬರೆಯುತ್ತಿದ್ದರು. ಕೆಳಗೆ ಅಕ್ಕ ಒಲೆಯಲ್ಲಿ ಉಪ್ಪು ಒಣಗಿಸುವಳು. ತಮ್ಮ ಅದನ್ನು ಕುಲುಮೆಯ ಹಂಡೆಗೆ ಸುರಿದು, ಕರಗಿಸಿ, ಸೌಟಿನಿಂದ ತಿರುವುವನು. ನೋಡಲು ಬಂದವರು ಈ ಉಪ್ಪು ಯಾವುದಕ್ಕೆಲ್ಲ ಬರುತ್ತದೆ ಎಂದು ಕೇಳಿದರೆ ಅವನದು ಒಂದೇ ಪಾಠ.

"ಪಟಾಕಿಗೆ ಬರುತ್ತೆ, ಗೊಬ್ಬರಕ್ಕೆ ಬರುತ್ತೆ, ಹಲ್ಲು ಜುಮ್ಮಂದ್ರೆ ಪೇಸ್ಟಿಗೂ ಬರುತ್ತೆ. ನಮ್ಮ ಗಂಜಿಗೆ ಮಾತ್ರ ಬರಲ್ಲ ನೋಡಿ."

ತೇವ ಅಳೆಯುವ ಯಂತ್ರವೇನೋ ಇತ್ತು. ಕೆಟ್ಟು ವರ್ಷವಾಗಿತ್ತು. ಹಾಗಾಗಿ ಅಕ್ಕ ಒಂದು ಹಿಡಿ ಉಪ್ಪನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಕಿವಿಯ ಹತ್ತಿರ ಕುಲುಕುವಳು. ಒಣ ಉಪ್ಪು ಸರಸರ ಸದ್ದು ಮಾಡುತ್ತದೆ. ತೇವದ್ದು ತಳಕ್ಕಂಟಿ ಸುಮ್ಮನಿರುತ್ತದೆ. ಅದಕ್ಕೆ ಅಕ್ಕ ತಮ್ಮ ಇಟ್ಟ ಹೆಸರು ಮೂಕ ಉಪ್ಪು. ಸದ್ದು ಬಂದರೆ ಅವಳು ಚೀಲದ ಕಾರ್ಡಿಗೆ ಟಿಕ್ ಹಾಕುವಳು. ಟಿಕ್ ನೋಡದೆ ಅವನು ಚೀಲ ಬಿಚ್ಚುತ್ತಿರಲಿಲ್ಲ. ಕಾದ ಹಂಡೆಗೆ ತೇವ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ, ಕರಗಿದ ಉಪ್ಪನ್ನೆಲ್ಲ ಎತ್ತಿ ಎರಚುತ್ತದೆ.

ಆ ದಿನ ಪ್ರಯೋಗ ನೋಡಲು ಹೊರಗಿನಿಂದ ದೊಡ್ಡವರು ಬರುವವರಿದ್ದರು. ಹಿಂದಿನ ದಿನವೇ ಗೋದಾಮಿನ ಪೈಪು ಸೋರಿ ಚೀಲಗಳು ನೆನೆದಿದ್ದವು. ಮಧ್ಯಾಹ್ನವಾದರೂ ಬಟ್ಟಲಿನಿಂದ ಸದ್ದಿಲ್ಲ. ಇನ್ನೂ ಮೂಕ, ನಾಳೆವರೆಗೆ ಬಿಡಿ ಎಂದು ಅವಳು ಮುಖ್ಯಸ್ಥರಿಗೆ ಹೇಳಿದಳು. ಅವರು ನಕ್ಕರು. ಇಪ್ಪತ್ತು ವರ್ಷ ಓದಿದ್ದು ಬಟ್ಟಲಿನ ಮಾತು ಕೇಳೋದಕ್ಕಾ ಎಂದರು. ಅವಳು ಇನ್ನೊಮ್ಮೆ ಹೇಳಿದಾಗ ನಗಲಿಲ್ಲ. ನಿಮ್ಮಿಬ್ಬರಿಗೂ ಕೆಲಸ ಬೇಡವಾದರೆ ಈಗಲೇ ಹೇಳಿಬಿಡು ಎಂದರು.

"ಟಿಕ್ ಹಾಕಮ್ಮ. ಜವಾಬ್ದಾರಿ ನಂದು."

ಅವಳು ಹಾಕಿದಳು. ಕಾರ್ಡು ಕೊಡುವಾಗ ತಮ್ಮನ ಮುಖ ನೋಡಲಿಲ್ಲ. ಒಣಗಿತಾ ಅಕ್ಕ ಎಂದು ಅವನೂ ಕೇಳಲಿಲ್ಲ. ಅಕ್ಕನ ಟಿಕ್ ಇದ್ದ ಮೇಲೆ ಕೇಳುವುದೇನಿದೆ?

ಚೀಲ ಪೂರ್ತಿ ಬರಿದಾಗಲೂ ಇಲ್ಲ, ಹಂಡೆಯ ಉಪ್ಪು ಸಿಡಿದು ಅವನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಅವನು ಎರಡು ದಿನ ಇದ್ದ. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ನೀರು ಕೇಳಿದ, ಆಮೇಲೆ ಅಕ್ಕನಿಗೇನೂ ಆಗಿಲ್ಲ ತಾನೆ ಎಂದು ಕೇಳಿದ. ಬೇರೇನೂ ಕೇಳಲಿಲ್ಲ. ಟಿಕ್ಕಿನ ವಿಷಯ ನಾಳೆ ಹೇಳೋಣವೆಂದು ಅವಳು ಅವನ ತುಟಿಗೆ ನೀರು ಹನಿಸಿದಳು. ಮೂರನೆಯ ದಿನ ಹೇಳಿಸಿಕೊಳ್ಳಲು ಅವನಿರಲಿಲ್ಲ.

ವಾರ ಕಳೆದು ಮುಖ್ಯಸ್ಥರು ಅವಳನ್ನು ಮೇಲಿನ ಮಹಡಿಗೆ ಕರೆಸಿದರು. ಅಲ್ಲಿಯ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಒದ್ದೆ ಸೌಟು ಅದ್ದಿದ್ದು ತಮ್ಮನದೇ ತಪ್ಪು ಎಂದಿದ್ದ ವರದಿಯ ಕೆಳಗೆ ಸಾಕ್ಷಿಯ ಸಹಿಗೆ ಜಾಗ ಬಿಟ್ಟಿತ್ತು. ನಿನ್ನ ಕೆಲಸ ಕಾಯಂ ಮಾಡಿಸುತ್ತೇನೆ ಎಂದರು. ಹೋದವನು ಬರುವುದಿಲ್ಲ, ಇದ್ದವರು ಬದುಕಬೇಕಲ್ಲ ಎಂದರು. ಮುಂದಿಟ್ಟ ಪೆನ್ನನ್ನು ಅವಳು ಮುಟ್ಟದಿದ್ದಾಗ ದನಿ ತಗ್ಗಿಸಿದರು.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಮ್ಮ. ಸೌಟು ಒಣಗಿತ್ತು ಅಂದ್ರೆ ಉಪ್ಪು ತೇವ ಇತ್ತು ಅಂತಾಗುತ್ತೆ. ಕಾರ್ಡಲ್ಲಿರೋದು ಯಾರ ಟಿಕ್ಕು? ತಮ್ಮನ್ನ ಕೊಂದವಳು ಅನ್ನಿಸ್ಕೋತೀಯಾ?"

ಒಂದು ವಾರದಿಂದ ಅವಳು ಅನ್ನದ ಮುಂದೆ ಕೂತಾಗಲೆಲ್ಲ ತನಗೆ ತಾನೇ ಅಂದುಕೊಳ್ಳುತ್ತಿದ್ದ ಮಾತು ಅದು. ಇನ್ನೊಬ್ಬರ ಬಾಯಿಂದ ಬಂದಾಗ ಅವಳಿಗೆ ಹೆದರಿಕೆಯಾಗಲಿಲ್ಲ. ಪೆನ್ನನ್ನು ಮೇಜಿನ ಆಚೆ ತಳ್ಳಿದಳು.

"ಟಿಕ್ ಹಾಕಿದ್ದು ನಾನೇ ಸಾರ್. ಹಾಕು ಅಂದಿದ್ದು ನೀವು. ಎರಡನ್ನೂ ಬರೀರಿ, ಸಹಿ ಹಾಕ್ತೀನಿ. ಇದಕ್ಕೆ ಹಾಕಲ್ಲ."