ಮಂಜ್ರಾ ಸೇತುವೆಯ ಇಬ್ಬರು ಇಂಜಿನಿಯರರು

"ನಾನ್ರಿ ಅಮ್ಮಿ, ಪಂಢರಿ. ಬಾಗಲಾ ತೆಗೀರಿ."

ಒಳಗಿನ ಸದ್ದು ನಿಂತಿತು. ಸೂರ್ಯ ನೆತ್ತಿಗೇರುತ್ತಿದ್ದರೂ ಬೀದರದ ಚಿದ್ರಿಯ ಆ ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಕಡೆಗೆ ಅಗುಳಿ ಸರಿಯಿತು. ಮಕ್ಸೂದನ ತಾಯಿ ಆಬೇದಾ ಪಂಢರಿಯ ಮುಖ ನೋಡಿ ಉಸಿರು ಬಿಟ್ಟಳು. ಅವನ ಬೆನ್ನ ಹಿಂದೆ ಕೆಂಪು ರುಮಾಲಿನ ಎತ್ತರದ ಮನುಷ್ಯನನ್ನು ಕಂಡದ್ದೇ ಬಾಗಿಲನ್ನು ಮತ್ತೆ ಅರ್ಧ ಎಳೆದುಕೊಂಡಳು.

"ನಮ್ಮ ಅಪ್ಪ ಇದ್ದಾನ್ರಿ," ಎಂದ ಪಂಢರಿ.

ಅಪ್ಪ ಬಂದದ್ದು ಅವನಿಗೇ ಬೇಡವಾಗಿತ್ತು. ಔರಾದಿನ ಕಡೆಯ ಕುರಿಗಾರ ಧೊಂಡಿಬಾನ ಹಿಂಡನ್ನು ಆ ಬೇಸಿಗೆಯಲ್ಲಿ ನಿಜಾಮರ ಪರದ ರಜಾಕಾರರು ಹೊಡೆದುಕೊಂಡು ಹೋಗಿದ್ದರು. ಮನೆಮಂದಿಯೆಲ್ಲ ನಿಜಾಮರ ಗಡಿ ದಾಟಿ ದಿನ ನೂಕಿದ್ದರು. ಅಲ್ಲಿಂದ ಈಚೆಗೆ ಧೊಂಡಿಬಾ ಯಾವ ಮುಸಲ್ಮಾನರ ಮನೆಯ ಹೆಸರೂ ಎತ್ತಿರಲಿಲ್ಲ. ಈ ಹೊತ್ತು ಮಗನನ್ನು ರೈಲು ಹತ್ತಿಸಲು ಭಾಲ್ಕಿಗೆ ಬಂದವನು, ಮಗ ಬೀದರದಲ್ಲಿ ಇಳಿದು ಮಕ್ಸೂದನನ್ನು ಕರೆದುಕೊಂಡು ಹೋಗುತ್ತಾನೆಂದು ತಿಳಿದೊಡನೆ ತಾನೂ ಡಬ್ಬಿ ಹತ್ತಿ ಕುಳಿತಿದ್ದ. ಯಾಕೆಂದು ಹೇಳಿರಲಿಲ್ಲ. ಕೇಳುವ ಧೈರ್ಯ ಮಗನಿಗೆ ಆಗಿರಲಿಲ್ಲ.

ಪಂಢರಿಗೂ ಮಕ್ಸೂದನಿಗೂ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆ. ಬಿ.ಇ. ಪದವಿಗೆ ಇಬ್ಬರೂ ಸೇರಿ ಮಂಜ್ರಾ ನದಿಗೆ ಒಂದು ಸೇತುವೆ ಯೋಜಿಸಿದ್ದರು. ಲೆಕ್ಕವೆಲ್ಲ ಮಕ್ಸೂದನದು, ನಕ್ಷೆ ಪಂಢರಿಯದು. ಬರೆಯುವ ಪರೀಕ್ಷೆಗಳು ಮುಗಿದಿದ್ದವು. ಆ ಸೇತುವೆಯ ಮೇಲಿನ ಮೌಖಿಕ ಪರೀಕ್ಷೆಯೊಂದು ಗಲಾಟೆಯಲ್ಲಿ ನಿಂತುಹೋಗಿತ್ತು. ಪೊಲೀಸ್ ಕಾರ್ಯಾಚರಣೆ ಆಗಿ, ನಿಜಾಮರ ರಾಜ್ಯಕ್ಕೆ ಮಿಲಿಟರಿ ಆಡಳಿತ ಬಂದು, ಈಗ ಕಾಲೇಜು ಮತ್ತೆ ಕರೆದಿತ್ತು. ಜೋಡಿಯಾಗಿ ಮಾಡಿದವರು ಜೋಡಿಯಾಗಿಯೇ ಹಾಜರಾಗಬೇಕು.

"ನಾ ಬರಂಗಿಲ್ಲ," ಎಂದ ಮಕ್ಸೂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. "ಅಬ್ಬಾ ಹೊರಗ ಹೋದವ್ರು ಇನ್ನಾ ಬಂದಿಲ್ಲ. ನೀ ಒಬ್ಬಾಂವ ಹೋಗು. ನಾ ಬ್ಯಾನಿ ಬಿದ್ದೀನಿ ಅಂತ ಹೇಳು."

"ಲೆಕ್ಕಾ ಕೇಳಿದ್ರ ನಾ ಏನ್ ಹೇಳ್ಲಿ? ನಿನ್ನ ಬಿಟ್ಟು ಡಿಗ್ರಿ ತಗೊಂಡು ಬಂದ್ರ ಅದು ಅರ್ಧಾ ಸೇತುವಿ ಆಗ್ತದ. ನಾವು ಪಾಸಾಗ್ತೇವಿ ಮಕ್ಸೂದ, ಅದರಾಗ ನನಗ ಸಂಶಯ ಇಲ್ಲ."

ಸೆಪ್ಟೆಂಬರಿನಲ್ಲಿ ಕಾರ್ಯಾಚರಣೆಯ ಬೆನ್ನಿಗೇ ಮುಸಲ್ಮಾನರ ಮೇಲೆ ಸೇಡಿನ ದಾಳಿಗಳಾದ ಆ ವಾರ, ಮಕ್ಸೂದನ ತಂದೆ ಮಹಮ್ಮದ ಇಸ್ಮಾಯಿಲ ಮಾಸ್ತರರು ತಮ್ಮನ ಮನೆಗೆಂದು ಹೋದವರು ಏನಾದರೆಂದು ಯಾರಿಗೂ ತಿಳಿದಿರಲಿಲ್ಲ. ಆಬೇದಾ ಗೋಡೆಗೆ ಆತು ನಿಂತಿದ್ದಳು. "ಇವ ಒಬ್ಬನೇ ಉಳದಾನ ಬೇಟಾ. ರೈಲಿನಾಗ ಏನರೆ ಆದ್ರ?"

ಹೊಸ್ತಿಲಾಚೆ ನಿಂತಿದ್ದ ಧೊಂಡಿಬಾ ಆಗ ಬಾಯಿ ಬಿಟ್ಟ. "ಅಕ್ಕಾ, ಕುರಿ ಹೋಗಿದ್ದು ಸುಳ್ಳಲ್ಲ. ಭಾಳ ದಿನ ನನಗ ಸಿಟ್ಟಿತ್ತು. ಆದರ ಒಯ್ದವ ಇವ ಅಲ್ಲ. ನಾಕು ವರ್ಷ ನನ್ನ ಮಗನ ಸಂಗಟ ಒಂದೇ ತಾಟಿನಾಗ ಉಂಡಾನ. ನಾ ಜೋಡಿ ಹೋಗ್ತೇನಿ. ನಿಮ್ಮ ಕೈಗೇ ತಂದು ಒಪ್ಪಸ್ತೇನಿ."

ಪಂಢರಿ ಅಪ್ಪನ ಮುಖವನ್ನೇ ನೋಡಿದ. ಆಬೇದಾ ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಮಗನ ಶೇರವಾನಿಯನ್ನು ಝಾಡಿಸುವ ಸದ್ದು ಕೇಳಿತು.

ಸ್ಟೇಷನ್ನಿನಲ್ಲಿ ಪಂಢರಿ ತಗ್ಗಿದ ದನಿಯಲ್ಲಿ ಹೇಳಿದ, "ಯಾರರೆ ಕೇಳಿದ್ರ ಗೋರಖನಾಥ ಅಂತ ಹೇಳು. ಅಪ್ಪನ ರುಮಾಲಾ ಸುತ್ತಿಕೋ."

ಮಕ್ಸೂದ ತಲೆ ಅಲ್ಲಾಡಿಸಿದ. "ಡಿಗ್ರಿ ಮ್ಯಾಲೆ ಯಾವ ಹೆಸರು ಬರಸ್ಲಿ ಮತ್ತ? ಹೋದ್ರ ನನ್ನ ಹೆಸರಿಲೇ ಹೋಗ್ತೇನಿ."

ಡಬ್ಬಿಯಲ್ಲಿ ಎದುರಿಗಿದ್ದ ದಪ್ಪ ಮನುಷ್ಯನೊಬ್ಬ ಬಹಳ ಹೊತ್ತು ಅವನನ್ನೇ ದಿಟ್ಟಿಸಿ, "ಹೆಸರೇನು ನಿಂದು?" ಎಂದು ಕೇಳಿಯೇಬಿಟ್ಟ.

"ಮಕ್ಸೂದ. ಮಹಮ್ಮದ ಇಸ್ಮಾಯಿಲ ಮಾಸ್ತರರ ಮಗ. ಇಂಜಿನಿಯರಿಂಗ್ ಪರೀಕ್ಷಾಕ್ಕ ಹೊಂಟೀನಿ."

ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಧೊಂಡಿಬಾ ಅವಸರವಿಲ್ಲದೆ ಬುತ್ತಿಯ ಗಂಟು ಬಿಚ್ಚಿದ. ಮೊದಲ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಮಕ್ಸೂದನ ಕೈಗೆ ಕೊಟ್ಟ. ಎರಡನೆಯದನ್ನು ದಪ್ಪ ಮನುಷ್ಯನ ಮುಂದೆ ಹಿಡಿದ. "ತಗೋರಿ. ಇಬ್ಬರೂ ನಮ್ಮ ಹುಡುಗುರೇ." ಆ ಮನುಷ್ಯ ರೊಟ್ಟಿಯನ್ನೂ ನೋಡಿದ, ಧೊಂಡಿಬಾನನ್ನೂ ನೋಡಿದ. ಕಡೆಗೆ ರೊಟ್ಟಿ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ಕುಳಿತ.

ಪರೀಕ್ಷೆಗೆ ಬಂದ ಸಾಹೇಬರು ಹೊರಗಿನವರು. ಉರ್ದು ಬಾರದು. "ಚಳಿಗಾಲದಲ್ಲಿ ಮೊಣಕಾಲುದ್ದ ಹರಿಯುವ ನದಿಗೆ ಇಷ್ಟೊಂದು ಉದ್ದದ ಸೇತುವೆ ಏಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಲಿತದ್ದೆಲ್ಲ ಉರ್ದುವಿನಲ್ಲಿ, ಮಕ್ಸೂದ ಒಂದು ಗಳಿಗೆ ತಡವರಿಸಿದ. ಆಮೇಲೆ ಸೀಮೆಸುಣ್ಣ ಎತ್ತಿಕೊಂಡ. ಮಳೆಗಾಲದ ಪ್ರವಾಹ, ಅದರ ವೇಗ, ಕಂಬಗಳ ನಡುವಿನ ಅಂತರ ಸಾಲುಸಾಲಾಗಿ ಹಲಗೆಯ ಮೇಲೆ ಇಳಿದವು. ಪಕ್ಕದಲ್ಲಿ ನಿಂತ ಪಂಢರಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ನಕ್ಷೆಯ ಮೇಲೆ ಬೆರಳಿಟ್ಟು ವಿವರಿಸುತ್ತ ಹೋದ. ವ್ಯಾಕರಣ ಎಲ್ಲೆಲ್ಲೋ ಮುರಿಯಿತು. ಅವನು ನಿಲ್ಲಿಸಲಿಲ್ಲ. ಸಾಹೇಬರು ನಾಲ್ಕು ಕಡೆ ಅಡ್ಡ ಪ್ರಶ್ನೆ ಹಾಕಿದರು. ನಾಲ್ಕಕ್ಕೂ ಹಲಗೆಯ ಮೇಲೆ ಉತ್ತರ ಬಂತು. ಕಡೆಗೆ ಅವರು ಕನ್ನಡಕ ತೆಗೆದು ಇಬ್ಬರ ಕೈಯನ್ನೂ ಕುಲುಕಿದರು.

ಫಲಿತಾಂಶ ಬರುವವರೆಗೂ ಧೊಂಡಿಬಾ ಹೈದರಾಬಾದು ಬಿಟ್ಟು ಕದಲಲಿಲ್ಲ. ಇಬ್ಬರೂ ಮೊದಲ ದರ್ಜೆ. ಬರುವ ಗಾಡಿ ತಿಳಿಸಿ ಮಕ್ಸೂದ ತಾಯಿಗೆ ತಂತಿ ಹೊಡೆದ.

ಮರಳಿ ಬರುವಾಗ ಬೀದರದಲ್ಲಿ ಗಾಡಿ ನಿಂತಾಗ ಪಂಢರಿಗೆ ನಂಬಲಾಗಲಿಲ್ಲ. ತಿಂಗಳುಗಟ್ಟಲೆ ಓಣಿ ದಾಟಿರದ ಆಬೇದಾ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬಳೇ ನಿಂತಿದ್ದಳು.

ಧೊಂಡಿಬಾ ಮೊದಲು ಕೂಗಿದ, "ಅಕ್ಕಾ, ತಗೋರಿ ನಿಮ್ಮ ಇಂಜಿನೇರ್‌ಗ!"

ಮಕ್ಸೂದ ಇಳಿದ. ಅವಳು ಮಗನ ಕೆನ್ನೆ ಸವರಿ ನೆಟಿಗೆ ಮುರಿದಳು. ಕಿಟಕಿಗೆ ಬಂದು ಪಂಢರಿಯ ಕೆನ್ನೆ ಸವರಿ ಮತ್ತೊಮ್ಮೆ ಮುರಿದಳು. ಭಾಲ್ಕಿಯ ಕಡೆಗೆ ಗಾಡಿ ಕದಲಿತು. ಡಬ್ಬಿಯ ಬಾಗಿಲಲ್ಲಿ ನಿಂತ ಧೊಂಡಿಬಾನ ಕಡೆ ತಿರುಗಿ ಆಬೇದಾ ತಲೆ ಬಾಗಿಸಿ ಸಲಾಮಿಗೆ ಕೈ ಹಣೆಗೆತ್ತಿದಳು. ಅವನ ಒಂದು ಕೈಯಲ್ಲಿ ಬಿಸಿ ಚಹಾದ ಲೋಟವಿತ್ತು, ಇನ್ನೊಂದು ಸರಳು ಹಿಡಿದಿತ್ತು. ಏನು ಮಾಡುವುದೆಂದು ತೋಚದೆ ಅವನು ಚಹಾ ತುಳುಕುತ್ತಿದ್ದ ಲೋಟವನ್ನೇ ಹಣೆಗೆ ಮುಟ್ಟಿಸಿದ.