ಕಿತ್ತುಬಂದ ಹಾಳೆ

ಒಗೆದು ಒಣಗಿದ ಬೆಡ್‌ಶೀಟು ಮಡಿಸುತ್ತಿದ್ದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಜಾಡಿಸಿದ ಮೇಲೆ ಅವಳು ನನ್ನ ಹತ್ತಿರ ಬಂದು ತನ್ನ ತುದಿಯನ್ನು ನನಗೆ ಕೊಟ್ಟು, ಕೆಳಗೆ ಜೋತ ಮಡಿಕೆಯನ್ನು ಎತ್ತಿಕೊಳ್ಳಬೇಕು. ಬರಲಿಲ್ಲ. ಅಲ್ಲೇ ನಿಂತಳು.

"ಅಮ್ಮ, ವಟಾಣಿ ಈ ರಜಕ್ಕೂ ಬರಲ್ವಂತೆ."

ವಟಾಣಿ ಅಂದರೆ ಇವಳ ಒಬ್ಬಳೇ ಮಗಳು, ನನ್ನ ಮೊಮ್ಮಗಳು. ಮಾತು ಬಂದ ದಿನದಿಂದ ವಟವಟ ಅನ್ನುತ್ತಲೇ ಇದ್ದವಳಿಗೆ ಅವಳ ಅಪ್ಪ ಇಟ್ಟ ಹೆಸರು ಅದು. ಹೊರದೇಶಕ್ಕೆ ಓದಲು ಹೋಗಿ ಈಗ ಎರಡನೇ ವರ್ಷ.

"ಯಾಕಂತೆ?" ಅಂದೆ.

"ಅಲ್ಲೇ ಲೈಬ್ರರಿಯಲ್ಲಿ ಏನೋ ಕೆಲಸವಂತೆ. ನಾಲ್ಕು ಮಾತಾಡಿ ಫೋನ್ ಇಟ್ಟಳು. ಇಡೋ ಮುಂಚೆ, ಅಜ್ಜಿಗೆ ನನ್ನ ಕಾಗದ ಸಿಕ್ಕಿತ್ತಾ ಅಂತ ಕೇಳಿದಳು. ಯಾವ ಕಾಗದ ಅಮ್ಮ?"

"ಮೊದಲು ಇದನ್ನ ಮಡಿಸೋಣ ಬಾ," ಅಂದೆ.

ಎಂಟು ತಿಂಗಳಿಂದ ನಾನು ಹೀಗೆಯೇ ಒಂದಲ್ಲ ಒಂದನ್ನು ಮಡಿಸುತ್ತ ಕಾಲ ತಳ್ಳಿದ್ದೆ.

ನಾನು ನಲವತ್ತು ವರ್ಷ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡಿದವಳು. ಅಕ್ಷರ ಬರದ ಕಾಲದಲ್ಲೂ ನನ್ನ ಕೈಯಿಂದ ಸಾವಿರಾರು ಪುಸ್ತಕ ಹೋಗಿವೆ. ಮಡಿಸಿದ ಹಾಳೆಗಳನ್ನು ಜೋಡಿಸು, ಬೆನ್ನಿಗೆ ದಾರ ಹೊಲಿ, ರಟ್ಟು ಅಂಟಿಸು, ತೂಕದ ಕೆಳಗಿಡು. ಒಳಗೆ ಏನು ಬರೆದಿದೆ ಅನ್ನುವುದು ಮಾತ್ರ ನನಗೆ ಗೋಡೆ. ಐವತ್ತೇಳನೇ ವಯಸ್ಸಿನಲ್ಲಿ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಸೇರಿದೆ. ಮಕ್ಕಳು ಕೂರುವ ಬೆಂಚು, ಮಂಡಿ ಹಿಡಿಸುತ್ತಿರಲಿಲ್ಲ. ಎರಡನೇ ವರ್ಷ ನಮ್ಮ ಮೇಡಂ, ಎಲ್ಲರೂ ಒಂದೊಂದು ಕಾಗದ ಬರೆದು ಉತ್ತರ ತರಿಸಿಕೊಳ್ಳಿ ಅಂದರು. ನನಗೆ ಕಾಗದ ಬರೆಯಲು ಯಾರಿದ್ದಾರೆ? ಎಂಟು ವರ್ಷದ ವಟಾಣಿಗೆ ಬರೆದೆ. ಅಡುಗೆಮನೆಯಲ್ಲಿ ಕೂತು ನಾನು ಬರೆಯುವುದು, ಹಜಾರದಲ್ಲಿ ಕೂತು ಅವಳು ಉತ್ತರ ಬರೆಯುವುದು. "ಪ್ರೀತಿಯ ಅಜ್ಜಿಗೆ, ನಾನು ಇಲ್ಲಿ ಕ್ಷೇಮ. ನಿಮ್ಮ ಕಡೆ ಹಾಲು ಉಕ್ಕುತ್ತಿರುವ ವಾಸನೆ ಬರುತ್ತಿದೆ, ನೋಡಿ" ಅಂತ ಬರೆದಿದ್ದಳು ಒಂದು ಸಲ. ಮೇಡಂ ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿ ನಕ್ಕರು.

ಅವತ್ತಿನಿಂದ ಅವಳದು ಎಲ್ಲರಿಗೂ ಫೋನು, ನನಗೊಬ್ಬಳಿಗೆ ಕಾಗದ.

ಎರಡು ವರ್ಷದ ಹಿಂದೆ ಅವಳಿಗೆ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತು. ಎರಡೂ ದೂರದ್ದೇ, ಎರಡರಲ್ಲೂ ಗಣಿತ. ಎರಡೂ ಕಡೆಯವರು ಒಂದೊಂದು ಪುಸ್ತಕ ಕಳಿಸಿದ್ದರು. ಒಂದರ ತುಂಬ ಬಣ್ಣದ ಫೋಟೋ. ಕೆರೆ, ದೋಣಿ, ನಾಟಕದ ಮನೆ, ಹುಲ್ಲಿನ ಮೇಲೆ ದುಂಡಗೆ ಕೂತ ಹುಡುಗ ಹುಡುಗಿಯರು. ಇನ್ನೊಂದು ದಪ್ಪ ಕಾಗದದ್ದು, ಫೋಟೋ ಕಡಿಮೆ, ಪಾಠದ ಪಟ್ಟಿ ಜಾಸ್ತಿ. ಊಟದ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು ಒಂದು ಭಾನುವಾರ ನಾವು ನಾಲ್ವರೂ ಕೂತೆವು.

ಅವಳ ಮನಸ್ಸು ಬಣ್ಣದ ಪುಸ್ತಕದ ಮೇಲೆಯೇ ಇತ್ತು. ಬೆರಳಿಟ್ಟು ಓದುತ್ತಿದ್ದಳು. "ಎಪ್ಪತ್ತು ಸಂಘ ಇದೆ ಅಜ್ಜಿ ಇಲ್ಲಿ! ಹಾಡೋರಿಗೆ ಬೇರೆ, ಬೆಟ್ಟ ಹತ್ತೋರಿಗೆ ಬೇರೆ. ನಕ್ಷತ್ರ ನೋಡೋಕೆ ಅಂತಲೇ ಒಂದಿದೆ."

"ನಕ್ಷತ್ರ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಮಹಡಿ ಹತ್ತು," ಅಂದೆ.

"ಒಬ್ಬಳೇ ಹತ್ತಿದ್ರೆ ಏನು ಮಜಾ?"

"ಇಷ್ಟೆಲ್ಲಾ ಮಾಡ್ತಾ ಓದೋದು ಯಾವಾಗಮ್ಮ?" ಅಂದಳು ಅವಳ ತಾಯಿ. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸು, ಯಾವುದಕ್ಕೂ ಒಂದು ಹೊತ್ತು ಗೊತ್ತಿರಬೇಕು ಅವಳಿಗೆ.

"ನಡುನಡುವೆ!" ಅಂದ ಅಳಿಯ, ನಗುತ್ತ. ಬಸ್ ಓಡಿಸುವ ಅವನಿಗೆ ಭಾನುವಾರವೂ ಕಾಲು ಬ್ರೇಕಿನ ಮೇಲೆ ಇಟ್ಟ ಹಾಗೆಯೇ ಇರುತ್ತದೆ.

ವಟಾಣಿ ನಗಲಿಲ್ಲ. "ಅಪ್ಪ, ಎರಡೂ ಎರಡೂ ಅಲ್ಲೂ ನಾಲ್ಕೇ, ಇಲ್ಲೂ ನಾಲ್ಕೇ. ಪಾಠ ಎಲ್ಲಾ ಕಡೆ ಒಂದೇ. ಕ್ಲಾಸು ಮುಗಿದ ಮೇಲೆ ಏನು ಅನ್ನೋದೇ ಬೇರೆ ಬೇರೆ. ನಾನು ನಾಲ್ಕು ವರ್ಷ ಅಲ್ಲಿ ಬದುಕ್ಬೇಕಲ್ವಾ?"

ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಿ ಹೇಳಲಿ. ಪುಸ್ತಕ ಮುಟ್ಟಿದ್ರೆ ಅದರ ಹಣೆಬರಹ ಹೇಳ್ತೀನಿ ಅಂತೀಯಲ್ಲ, ಹೇಳು ನೋಡೋಣ."

ಅದು ನಮ್ಮ ಮನೆಯ ತಮಾಷೆ. ಯಾವ ಪುಸ್ತಕ ಬಂದರೂ ನಾನು ಮೊದಲು ಬೆನ್ನು ನೋಡುವವಳು.

ಬಣ್ಣದ ಪುಸ್ತಕ ನನ್ನ ಕೈಗೆ ಬಂದಾಗ ಒಂದು ಫೋಟೋ ತೆರೆದಿತ್ತು. ಒಂದು ಹುಡುಗಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಮಲಗಿದ್ದಾಳೆ, ಗೆಳತಿಯ ತೊಡೆಯ ಮೇಲೆ ತಲೆ. ಮುಖ ಕಾಣುವುದಿಲ್ಲ, ಅಂಗಾಲು ಮಾತ್ರ ಕಾಣುತ್ತದೆ. ತನ್ನ ಮನೆಯಲ್ಲಿ ಮಲಗಿದವರು ಮಾತ್ರ ಹಾಗೆ ಮಲಗುತ್ತಾರೆ. ವಟಾಣಿ ಇಲ್ಲಿಗೆ ಹೋದರೆ ಮತ್ತೆ ಬರುವುದಿಲ್ಲ ಅನ್ನಿಸಿಬಿಟ್ಟಿತು.

ನಾನು ಪುಸ್ತಕವನ್ನು ನಡುಮಧ್ಯ ತೆರೆದು, ಎರಡು ಹೆಬ್ಬೆರಳಿಂದ ಒತ್ತಿ ಹಿಂದಕ್ಕೆ ಬಗ್ಗಿಸಿದೆ. ಬೆನ್ನು ಚಟ್ ಅಂತು. ಒಂದು ಹಾಳೆ ಕಿತ್ತು ಕೈಗೆ ಬಂತು. ಅದು ಹೊಲಿದ ಪುಸ್ತಕ ಅಲ್ಲ, ಬರೀ ಅಂಟು. ಅಂಟಿನ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಎಲ್ಲಿ ಒತ್ತಿದರೆ ಬಿಡುತ್ತದೆ ಅನ್ನುವುದು ಈ ಕೆಲಸ ಮಾಡಿದವರಿಗೆ ಗೊತ್ತು. ಓದುವವರು ಯಾರೂ ಹಾಗೆ ಒತ್ತುವುದಿಲ್ಲ.

ಹಾಳೆಯನ್ನು ಎತ್ತಿ ತೋರಿಸಿ ಅಂದೆ, "ನೋಡು. ಒಂದು ಹಾಳೆ ಹಿಡಿದಿಟ್ಟುಕೊಳ್ಳೋಕೆ ಆಗದವರು ನಿನ್ನ ಹಿಡಿದಿಟ್ಟುಕೊಳ್ತಾರಾ? ಈ ಇನ್ನೊಂದು ನೋಡು, ದಾರ ಹಾಕಿ ಹೊಲಿದಿದ್ದಾರೆ. ಕೆಲಸ ಗೊತ್ತಿರೋ ಜನ."

ಅಳಿಯ ಚಪ್ಪಾಳೆ ತಟ್ಟಿದ. "ಅತ್ತೆ, ನಿಮ್ಮನ್ನ ಜಡ್ಜು ಮಾಡಬೇಕಿತ್ತು!"

ಮಗಳು ನನ್ನ ಕೈ ನೋಡಿದಳು. ವಟಾಣಿ ಆ ಹಾಳೆಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿ, ಅದರ ಜಾಗದಲ್ಲೇ ಮೆಲ್ಲಗೆ ಸೇರಿಸಿಟ್ಟಳು. "ಸರಿ ಅಜ್ಜಿ," ಅಂದಳು. ಮಾರನೇ ದಿನ ದಪ್ಪ ಪುಸ್ತಕದವರಿಗೆ ಒಪ್ಪಿಗೆ ಬರೆದಳು.

ಅದು ರೈಲ್ವೆ ಸ್ಟೇಷನ್ ಪಕ್ಕದ ಇಪ್ಪತ್ತು ಅಂತಸ್ತಿನ ಕಟ್ಟಡ. ಅಂಗಳವಿಲ್ಲ. ಹುಡುಗರು ರೈಲಿಳಿದು ಲಿಫ್ಟು ಹತ್ತುತ್ತಾರೆ, ಪಾಠ ಮುಗಿದರೆ ಲಿಫ್ಟು ಇಳಿದು ರೈಲು ಹತ್ತುತ್ತಾರೆ. ಅವಳ ಮೊದಲ ಕಾಗದಗಳಲ್ಲಿ ಲಿಫ್ಟಿನ ತಮಾಷೆ ಇತ್ತು, ಹದಿನಾಲ್ಕನೇ ಮಹಡಿಯ ಕಿಟಕಿ ಇತ್ತು. ಪಾಠ ಒಳ್ಳೆಯದು ಅಂತಲೂ ಬರೆದಿದ್ದಳು, ಅದು ಸುಳ್ಳಲ್ಲ. ಬರಬರುತ್ತ ಕಾಗದ ಸಣ್ಣದಾಯಿತು. "ಇವತ್ತು ಅಂಗಡಿಯವನಿಗೆ ಥ್ಯಾಂಕ್ಸ್ ಅಂದೆ. ಇಡೀ ದಿನಕ್ಕೆ ಅದೊಂದೇ ಮಾತು" ಅಂತ ಒಂದರಲ್ಲಿತ್ತು. ವಟಾಣಿಯ ಕೈಬರಹದಲ್ಲಿ ಅದನ್ನು ಓದಿ, ಬೇರೆ ಯಾರೋ ಬರೆದಿರಬೇಕು ಅಂತ ಲಕೋಟೆ ತಿರುಗಿಸಿ ನೋಡಿದೆ.

ಆಮೇಲೆ, ಎಂಟು ತಿಂಗಳ ಹಿಂದೆ, ಬಂದದ್ದು ಆ ಕಾಗದ. ಬಣ್ಣದ ಪುಸ್ತಕದವರು ಎರಡನೇ ವರ್ಷಕ್ಕೆ ತೆಗೆದುಕೊಳ್ಳಲು ಈಗಲೂ ಸಿದ್ಧರಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು ಅಂತ ಬರೆದಿದ್ದಳು. "ಅಜ್ಜಿ, ಅವತ್ತು ನೀನು ಪುಸ್ತಕದ ಹೊಲಿಗೆ ಒಂದನ್ನೇ ನೋಡಿ ಹೇಳಿದೆಯಾ, ಇನ್ನೇನಾದರೂ ಕಂಡಿತ್ತಾ? ನಿನಗೆ ಏನೋ ಕಂಡಿರಲೇಬೇಕು ಅಂತ ನಂಬಿಕೊಂಡೇ ಇಲ್ಲಿ ದಿನ ದೂಡುತ್ತಿದ್ದೇನೆ. ಹೌದು ಅಂದರೆ ಇಲ್ಲೇ ಇರುತ್ತೇನೆ."

ಆ ಕಾಗದ ಓದುವಾಗ ನನಗೆ ನನ್ನ ರಾತ್ರಿ ಶಾಲೆ ನೆನಪಾಯಿತು. ಕ್ಲಾಸು ಮುಗಿದ ಮೇಲೆ ನಾವು ಏಳೆಂಟು ಹೆಂಗಸರು ಸೈಕಲ್ ಸ್ಟ್ಯಾಂಡಿನ ಹತ್ತಿರ ಹತ್ತು ನಿಮಿಷ ನಿಲ್ಲುತ್ತಿದ್ದೆವು. ಅತ್ತೆ ಸೊಸೆ ಮಾತು, ಮೇಡಂ ನಡೆಯುವ ಥರ ನಡೆದು ತೋರಿಸಿ ನಗುವುದು, ಒಬ್ಬಳಿಗೆ ಬರದ ಲೆಕ್ಕವನ್ನು ಇನ್ನೊಬ್ಬಳು ನೆಲದ ಧೂಳಿನಲ್ಲಿ ಗೀಚಿ ತೋರಿಸುವುದು. ಮಂಡಿನೋವು ಜೋರಿದ್ದ ದಿನ ಪಾಠಕ್ಕಾಗಿ ಹೋದೆನೋ, ಆ ಹತ್ತು ನಿಮಿಷಕ್ಕಾಗಿ ಹೋದೆನೋ? ಆ ಹತ್ತು ನಿಮಿಷಕ್ಕೇ ಹೋಗುತ್ತಿದ್ದೆ. ಇಡೀ ಮನೆಯಲ್ಲಿ ವಟಾಣಿ ಏನು ಕೇಳುತ್ತಿದ್ದಾಳೆ ಅಂತ ಅರ್ಥವಾಗಬೇಕಾದ ಒಬ್ಬಳಿದ್ದರೆ ಅದು ನಾನು. ನಾನೇ ಬಾಯಿ ಮುಚ್ಚಿಸಿದೆ.

ಉತ್ತರ ಬರೆಯಲು ಕೂತೆ. "ನಾನು ಕ್ಷೇಮ" ಅಂತ ಬರೆದೆ. ಮುಂದೆ ಕೈ ಓಡಲಿಲ್ಲ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ, ನಿಜ ಬರೆಯಲು ಮುಖ ಇರಲಿಲ್ಲ. ನಾಳೆ, ನಾಡಿದ್ದು ಅಂತ ದೂಡಿದೆ. ತಿಂಗಳ ಕೊನೆ ಬಂತು, ಹೋಯಿತು. ನಾನು ಸುಮ್ಮನಿದ್ದದ್ದನ್ನೇ ಅವಳು ಉತ್ತರ ಅಂತ ತಿಳಿದಳೋ ಏನೋ, ಅಲ್ಲೇ ಉಳಿದಳು. ಫೋನಿನಲ್ಲಿ "ಹೇಗಿದ್ದೀಯ ಅಜ್ಜಿ" ಅಂದರೆ "ಚೆನ್ನಾಗಿದ್ದೀನಿ ಮರಿ, ಅಮ್ಮನಿಗೆ ಕೊಡ್ತೀನಿ" ಅನ್ನುತ್ತಿದ್ದೆ.

ಬೆಡ್‌ಶೀಟು ಮಡಿಸಿಟ್ಟು ಇದಷ್ಟನ್ನೂ ಮಗಳಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಮಂಚದ ಅಂಚಿಗೆ ಕೂತಳು. "ಆ ಪುಸ್ತಕ ನೀನೇ ಮುರಿದದ್ದು ಅಂತ ನನಗೆ ಅವತ್ತೇ ಗೊತ್ತು ಅಮ್ಮ."

"ಹೇಗೆ?"

"ಹೇಗೆ ಅಂದ್ರೆ? ಶಾಲೆ ಬಿಟ್ಟ ಮೇಲೆ ನಿನ್ನ ಪ್ರೆಸ್ಸಲ್ಲೇ ತಾನೇ ನಾನು ಬೆಳೆದದ್ದು. ನಿನ್ನ ಹೆಬ್ಬೆರಳು ಎಲ್ಲಿ ಹೋಗುತ್ತೆ ಅಂತ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ತಲೆದಿಂಬಿನ ಕವರಿನ ಒಂದು ಎಳೆ ಎಳೆಯುತ್ತ ಕೂತಳು. "ನನಗೂ ಆ ಹುಲ್ಲು ನೋಡಿ ಭಯ ಆಯ್ತು. ನೀನು ಹೇಳಿದ್ದು ಒಳ್ಳೇದೇ ಆಯ್ತು, ಕೆಟ್ಟವಳು ನಾನಾಗಲಿಲ್ಲ ಅಂದುಕೊಂಡೆ."

ಕಿತ್ತುಬಂದ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಲ್ಲಿಗೆ ಹೋದ್ರೆ ಬರಲ್ಲ ಅಂತ ಕಟ್ಟಿಹಾಕಿದ್ವಿ. ಈಗ ನೋಡು, ಬರ್ತಾನೇ ಇಲ್ಲ," ಅಂದಳು. "ಬರೆದುಬಿಡಮ್ಮ."

"ಗಡುವು ಮುಗಿದು ಯಾವ ಕಾಲವಾಯ್ತು. ಈಗ ಬರೆದು ಏನು ಪ್ರಯೋಜನ?"

"ಸೀಟು ಹೋಯ್ತು, ಸರಿ. ಅವಳು ಇವತ್ತು ಕೇಳಿದ್ದು ಸೀಟಿನ ವಿಷಯಾನಾ? ಕಾಗದ ಸಿಕ್ತಾ ಅಂತ ಕೇಳಿದಳು. ಅಜ್ಜಿ ಯಾಕೆ ಬರೆಯೋದು ಬಿಟ್ಟಳು ಅಂತ ಅಲ್ಲಿ ಒಬ್ಬಳೇ ಕೂತು ಲೆಕ್ಕ ಹಾಕ್ತಿದ್ದಾಳೆ."

ಅವಳು ಡ್ಯೂಟಿಗೆ ಹೊರಟಳು. ನಾನು ಊಟದ ಮೇಜಿಗೆ ಹಾಳೆ ತಂದುಕೊಂಡೆ. ನಾನು ನಿಧಾನದವಳು, ಒಂದೊಂದು ಅಕ್ಷರವೂ ನನಗೆ ಹೊಲಿಗೆ ಹಾಕಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಒಂದು ಪುಟ ಆಯಿತು.

"ವಟಾಣಿ, ನಿನ್ನ ಕಾಗದ ಸಮಯಕ್ಕೆ ಸರಿಯಾಗಿ ಸಿಕ್ಕಿತ್ತು. ಅಂಚೆಯವರದು ತಪ್ಪಿಲ್ಲ. ಅವತ್ತು ನನಗೆ ಏನೂ ಕಾಣಲಿಲ್ಲ. ಆ ಪುಸ್ತಕ ಚೆನ್ನಾಗಿಯೇ ಇತ್ತು, ನಾನು ಬೇಕಂತಲೇ ಮುರಿದೆ. ನೀನು ಅಲ್ಲಿ ಸುಖವಾಗಿ ಇದ್ದುಬಿಡುತ್ತೀಯ ಅನ್ನುವ ಭಯಕ್ಕೆ ಮುರಿದೆ. ನೀನು ಕೇಳಿದಾಗಲೂ ಹೇಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಹೋದ ವರ್ಷವನ್ನು ನಾನು ನಿನಗೆ ವಾಪಸ್ಸು ಕೊಡಲಾರೆ. ಇನ್ನು ಮೇಲೆ ನನ್ನ ಮಾತನ್ನು ನಂಬಿ ಯಾವ ಜಾಗದಲ್ಲೂ ಇರಬೇಡ. ಬಿಡುವುದಿದ್ದರೆ ಬಿಡು, ಇರುವುದಿದ್ದರೆ ನಿನಗೋಸ್ಕರ ಇರು. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟಲ್ಲೇ ಬರೆ, ಆದರೆ ಬರೆ."

ತಿದ್ದಲು ಹೋಗಲಿಲ್ಲ. ತಿದ್ದಲು ಕೂತರೆ ನನ್ನ ಪರವಾಗಿ ನಾಲ್ಕು ಮಾತು ಸೇರಿಕೊಳ್ಳುತ್ತವೆ ಅಂತ ಗೊತ್ತಿತ್ತು.

ಅಂಚೆ ಕಚೇರಿಯಲ್ಲಿ ಮೂರೇ ಜನ ಇದ್ದರು. ಕೌಂಟರಿನ ಹುಡುಗಿ ಲಕೋಟೆಯ ಎರಡೂ ಕಡೆ ನೋಡಿದಳು. "ಹೊರದೇಶಕ್ಕಾ ಅಜ್ಜಿ? ಒಳಗೆ ಏನಿದೆ?"

"ಕಾಗದ."

"ಬರೀ ಕಾಗದಾನಾ? ಈಗ ಯಾರು ಬರೀತಾರೆ! ಮಾಮೂಲಿ ಅಂಚೆಯಲ್ಲಿ ಹೋಗ್ಲಾ, ಅರ್ಜೆಂಟಾ?"

ಉತ್ತರವನ್ನು ಎಂಟು ತಿಂಗಳು ಇಟ್ಟುಕೊಂಡು ಕೂತವಳು ನಾನು.

"ಅರ್ಜೆಂಟು," ಅಂದೆ.

ಅವಳು ಚೀಟಿ ಅಂಟಿಸಿ, ಮುದ್ರೆ ಒತ್ತಿ, ತಿರುಗಿಯೂ ನೋಡದೆ ಹಿಂದಿದ್ದ ಚೀಲಕ್ಕೆ ಎಸೆದಳು. ನನ್ನ ಹಿಂದಿನವರು ಮುಂದೆ ಬಂದರು.